ಒಂದೇ ಗೋಡೆಗೆ ನಾಲ್ಕು ಕೆಲಸ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಧರ್ಮಕೇಂದ್ರದ ಸಭಾಭವನ ಕಟ್ಟಿ ನೋಡು ಎಂದು ಅವರು ಸೇರಿಸಲಿಲ್ಲ. ಬಹುಶಃ ಅವರ ಕಾಲದಲ್ಲಿ ಇಷ್ಟೊಂದು ಸಮಿತಿಗಳಿರಲಿಲ್ಲ!

ನಮ್ಮ ಕಾಸರಗೋಡು ಸೀಮೆಯಲ್ಲಿ ಮುರಕಲ್ಲಿನ ಗೋಡೆ, ಹಂಚಿನ ಮಾಡು ಇರುವ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಕ್ಕೆ ಉರುಳುತ್ತಿವೆ. ನಮ್ಮ ಮೇಜಿನ ಮೇಲೂ ಅಂಥದೇ ಒಂದು ನಕ್ಷೆ ಬಂದು ಕುಳಿತಿದೆ. ಹಳೆಯ ಹಾಲ್ ಕೆಡವಬೇಕು, ಅದರ ಜಾಗದಲ್ಲಿ ಕಾಂಕ್ರೀಟಿನ ಹೊಸ ಸಭಾಭವನ ಬರಬೇಕು. ರಸ್ತೆಯ ಕಡೆಗೆ ಪೂರ್ತಿ ಗಾಜು, ಒಳಗೆ ಫಾಲ್ಸ್ ಸೀಲಿಂಗ್, ನಾಲ್ಕು ಮೂಲೆಗೆ ಏಸಿ. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಅಂದಾಜುಪಟ್ಟಿಯ ಕೊನೆಯ ಮೊತ್ತವನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದಾಗ ಸಮಿತಿಯ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ನಮ್ಮಲ್ಲಿ ಬೀಡಿ ಕಟ್ಟುವ ತಾಯಂದಿರಿದ್ದಾರೆ. ಅಡಿಕೆ ತೋಟದ ಕೂಲಿಯಿಂದ ಮಕ್ಕಳನ್ನು ಓದಿಸುವವರಿದ್ದಾರೆ. ಗಲ್ಫಿನಿಂದ ಮಗ ಕಳಿಸುವ ಹಣಕ್ಕಾಗಿ ತಿಂಗಳು ತಿಂಗಳು ಕಾಯುವ ಹಿರಿಯರಿದ್ದಾರೆ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಸಾಮತಿಯನ್ನು ನಾವು ಪ್ರಸಂಗದಲ್ಲಿ ಎಷ್ಟೋ ಸಲ ವಿವರಿಸಿದ್ದೇವೆ. ಈಗ ಆ ಲೆಕ್ಕ ನಮ್ಮ ಮಡಿಲಿಗೇ ಬಿದ್ದಿತ್ತು.

“ಫಾದರ್, ತಿರುವನಂತಪುರದಲ್ಲಿ ಬೇಕರ್ ಸಾಯ್ಬರ ಕಟ್ಟಡಗಳುಂಟಂತೆ. ಕಮ್ಮಿ ಖರ್ಚಿನಲ್ಲಿ ಕಟ್ಟಿದ್ದಂತೆ. ಒಮ್ಮೆ ನೋಡಿ ಬರುವ,” ಎಂದರು ನಮ್ಮ ಗುರ್ಕಾರರೊಬ್ಬರು. ಹಾಗೆ ಆರು ಜನ ಹೊರಟೆವು. ಇಬ್ಬರು ಗುರ್ಕಾರರು, ನಿವೃತ್ತ ಟೀಚರಮ್ಮ, ನಲವತ್ತು ವರ್ಷ ಕಲ್ಲು ಕಟ್ಟಿದ ಮೇಸ್ತ್ರಿ, ಸಿವಿಲ್ ಇಂಜಿನಿಯರಿಂಗ್ ಮುಗಿಸಿರುವ ನಮ್ಮ ಯುವತಿ ಸಂಘದ ಹುಡುಗಿ, ಮತ್ತು ಪಾದ್ರಿ. ಸಂಜೆ ಕಾಸರಗೋಡಿನಲ್ಲಿ ರೈಲು ಹತ್ತಿದರೆ ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ರಾತ್ರಿಯಿಡೀ ಕೇರಳದ ಉದ್ದಕ್ಕೆ ಸಾಗಿ ಬೆಳಗ್ಗೆ ರಾಜಧಾನಿಯಲ್ಲಿ ಇಳಿಯಬಹುದು.

ಲಾರಿ ಬೇಕರ್ ಯಾರೆಂದು ಕೇಳುವ ಓದುಗರಿಗೆ ಎರಡು ಮಾತು. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು. ಕ್ವೇಕರ್ ಪಂಥದ ಕ್ರೈಸ್ತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಂದೂಕು ಹಿಡಿಯದೆ ಆಂಬ್ಯುಲೆನ್ಸ್ ತಂಡ ಸೇರಿ ಚೀನಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದರು. ಊರಿಗೆ ಮರಳುವ ದಾರಿಯಲ್ಲಿ, 1944ರಲ್ಲಿ, ಮುಂಬಯಿಯಲ್ಲಿ ಹಡಗಿಗೆ ಕಾಯುತ್ತಿದ್ದಾಗ ಗಾಂಧೀಜಿಯವರನ್ನು ಕಂಡರು. ಮನೆ ಕಟ್ಟುವ ಸಾಮಾನೆಲ್ಲ ಐದು ಮೈಲಿಯ ಒಳಗೇ ಸಿಗುವಂಥದಾಗಿರಬೇಕು ಎಂಬ ಗಾಂಧೀಜಿಯವರ ಮಾತು ಅವರ ಮನಸ್ಸಿನಲ್ಲಿ ಉಳಿಯಿತು. ಕುಷ್ಠರೋಗಿಗಳ ಆಸ್ಪತ್ರೆಗಳನ್ನು ಕಟ್ಟಲೆಂದು 1945ರಲ್ಲಿ ಭಾರತಕ್ಕೆ ಬಂದವರು ಇಲ್ಲಿಯವರೇ ಆದರು. ಕೇರಳದ ವೈದ್ಯೆ ಎಲಿಜಬೆತ್ ಅವರನ್ನು ಮದುವೆಯಾಗಿ ಹಿಮಾಲಯದ ಪಿತೋರಾಗಢದಲ್ಲಿ ಹದಿನಾರು ವರ್ಷ ನೆಲೆಸಿದರು. ಕಲ್ಲು, ಮಣ್ಣು, ಮರದಿಂದ ಮನೆ ಕಟ್ಟುವ ಬೆಟ್ಟದ ಜನರನ್ನು ನೋಡಿದ ಮೇಲೆ, ಕಾಲೇಜಿನಲ್ಲಿ ಕಲಿತದ್ದರಲ್ಲಿ ಬಹಳಷ್ಟನ್ನು ಬದಿಗಿಟ್ಟರು. ಕೊನೆಗೆ ತಿರುವನಂತಪುರದಲ್ಲಿ ನೆಲೆ ನಿಂತು, 1990ರಲ್ಲಿ ಪದ್ಮಶ್ರೀ ಪಡೆದು, 2007ರ ಏಪ್ರಿಲ್ 1ರಂದು ಅಲ್ಲಿಯೇ ತೀರಿಕೊಂಡರು.

ವಾಸ್ತುಶಿಲ್ಪಿ ಎಂದ ಕೂಡಲೇ ನಮ್ಮವರಿಗೆ ಈಶಾನ್ಯ ಮೂಲೆ, ಬಾವಿಯ ಜಾಗ ನೆನಪಾಗುತ್ತದೆ. ಆ ವಾಸ್ತುವಿನ ಮಾತು ಬೇರೆ. ಬರಿಯ ಜಾಗವೊಂದನ್ನು ನೋಡಿ ಅಲ್ಲಿ ಜನ ಹೇಗೆ ಬರುತ್ತಾರೆ, ಎಲ್ಲಿ ಕೂರುತ್ತಾರೆ, ಗಾಳಿ ಎತ್ತಲಿಂದ, ಬಿಸಿಲು ಎತ್ತಲಿಂದ ಎಂದು ಮೊದಲೇ ಕಾಣುವವರು ಹೇಗೆ ಯೋಚಿಸುತ್ತಾರೆ ಎಂಬುದು ನಮ್ಮ ಕುತೂಹಲವಾಗಿತ್ತು. ಅದಕ್ಕೆ ಮೊದಲ ಉತ್ತರ ಕಾಫಿಯ ಜೊತೆ ಸಿಕ್ಕಿತು.

ತಂಪಾನೂರಿನ ರೈಲು ನಿಲ್ದಾಣದಿಂದ ಕೂಗಳತೆಯಲ್ಲೇ ಇಂಡಿಯನ್ ಕಾಫಿ ಹೌಸ್ ಇದೆ. ನೋಡಲು ಇಟ್ಟಿಗೆಯ ದೊಡ್ಡ ಶಂಖದ ಹಾಗೆ. ಜಾಗ ಇಕ್ಕಟ್ಟು. ಸಾಮಾನ್ಯವಾಗಿ ಯಾರೇ ಆದರೂ ಅಲ್ಲಿ ಮಹಡಿಯ ಮೇಲೆ ಮಹಡಿ ಏರಿಸಿ ಒಂದು ಮೂಲೆಯಲ್ಲಿ ಮೆಟ್ಟಿಲಿಡುತ್ತಿದ್ದರು. ಬೇಕರ್ ನೆಲವನ್ನೇ ಇಳಿಜಾರಾಗಿ ಸುತ್ತಿಸಿ ಮೇಲಕ್ಕೆ ಒಯ್ದಿದ್ದಾರೆ. ಒಳಗೆ ಬಂದವರು ಸುತ್ತುತ್ತಾ ಸುತ್ತುತ್ತಾ ಏರುತ್ತಾರೆ, ಖಾಲಿ ಮೇಜು ಸಿಕ್ಕಲ್ಲಿ ಕುಳಿತುಬಿಡುತ್ತಾರೆ. ಮೇಜುಗಳು ಹೊರಗೋಡೆಯ ಉದ್ದಕ್ಕೆ, ಬೆಂಚುಗಳೂ ಕಟ್ಟಡದ ಭಾಗವೇ. ನಡುವಿನ ಕಂಬದಂಥ ಭಾಗದಲ್ಲಿ ಕೈತೊಳೆಯುವಂಥ ಅಗತ್ಯಗಳೆಲ್ಲ ಅಡಗಿವೆ. ಗೋಡೆಯ ಸಾಲುಸಾಲು ತೂತುಗಳಿಂದ ಬೆಳಕೂ ಗಾಳಿಯೂ ಬರುತ್ತವೆ. ಅಂದರೆ ಮಹಡಿ, ಮೆಟ್ಟಿಲು, ಓಡಾಡುವ ದಾರಿ ಮೂರೂ ಬೇರೆ ಬೇರೆ ಅಲ್ಲ, ಒಂದೇ.

“ಮೂರು ಕಡೆ ಆಗಬೇಕಾದ ಖರ್ಚು ಒಂದೇ ಕಡೆ ಮುಗಿಯಿತು,” ಎಂದರು ಬ್ಯಾಂಕಿನಲ್ಲಿದ್ದು ನಿವೃತ್ತರಾದ ಗುರ್ಕಾರರು. ಅವರಿಗೆ ಎಲ್ಲವೂ ಲೆಕ್ಕಪುಸ್ತಕವಾಗಿ ಕಾಣುತ್ತದೆ. ಈ ಸಲ ಅದು ಸರಿಯಾಗಿಯೇ ಕಂಡಿತ್ತು. (ಅಂದಹಾಗೆ, ಕಾಫಿ ಬೋರ್ಡಿನ ಕಾರ್ಮಿಕರು ಸಹಕಾರ ಸಂಘ ಕಟ್ಟಿ ಈ ಕಾಫಿ ಹೌಸುಗಳನ್ನು ನಡೆಸಲು ಮುಂದಾಳಾಗಿದ್ದ ಎ.ಕೆ. ಗೋಪಾಲನ್ ನಮ್ಮವರೇ. 1957, 1962, 1967ರಲ್ಲಿ ಕಾಸರಗೋಡಿನಿಂದ ಲೋಕಸಭೆಗೆ ಹೋದವರು. ರಾಜಕೀಯ ಯಾರದೇ ಇರಲಿ, ಕಾಫಿ ಚೆನ್ನಾಗಿತ್ತು.)

ಅಲ್ಲಿಂದ ಶ್ರೀಕಾರ್ಯಂಗೆ ಹೋದೆವು. ಯೇಸುಸಭೆಯ ಗುರುಗಳು ನಡೆಸುವ ಲೊಯೋಲ ಸಂಸ್ಥೆಗಳು ಅಲ್ಲಿವೆ. ಶಾಲೆಗೂ ಕಾಲೇಜಿಗೂ ಸೇರಿ ಒಂದೇ ಪ್ರಾರ್ಥನಾಲಯ, ಒಂದೇ ಸಭಾಂಗಣ ಬೇಕೆಂದು ಅವರು ಬೇಕರರಲ್ಲಿ ಕೇಳಿದ್ದರು. 1970-71ರ ಮಾತು. ಸಾವಿರಕ್ಕೂ ಹೆಚ್ಚು ಜನ ಕೂರಬೇಕು. ಕುರ್ಚಿ, ಬೆಂಚು, ದೀಪ ಎಲ್ಲ ಸೇರಿ ಖರ್ಚು ಮುಗಿದದ್ದು ಒಂದು ಲಕ್ಷ ಎಪ್ಪತ್ತೈದು ಸಾವಿರ ರೂಪಾಯಿಯಲ್ಲಿ. ಆಗಿನ ರೂಪಾಯಿಗೆ ಬೆಲೆಯಿತ್ತು ಎಂಬುದು ಸರಿ, ಆದರೆ ಆಗಲೂ ಅಷ್ಟು ದೊಡ್ಡ ಕಟ್ಟಡಕ್ಕೆ ಅದು ಸಣ್ಣ ಮೊತ್ತವೇ.

ಕಷ್ಟ ಎಲ್ಲಿತ್ತೆಂದರೆ, ಅಷ್ಟು ಜನ ಕೂರುವ ಕಡೆ ನಡುವೆ ಕಂಬ ಬರಬಾರದು. ಬಂದರೆ ಹಿಂದಿನವರಿಗೆ ಪೀಠ ಕಾಣದು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರದ ಬಲಿಪೂಜೆ ಜನರು ನೋಡುವ, ಕೇಳುವ, ಉತ್ತರಿಸುವ ಪೂಜೆ. ಹಾಗಾಗಿ ಮಾಡು ಅಗಲವಾಗಬೇಕು, ಗೋಡೆ ಎತ್ತರವಾಗಬೇಕು. ಎತ್ತರದ ಇಟ್ಟಿಗೆ ಗೋಡೆ ಒಂಟಿಯಾಗಿ ನಿಂತರೆ ಗಾಳಿಗೆ ಬಾಗುವ ಭಯ. ಇಂಥ ಕಡೆ ಕಬ್ಬಿಣ, ಕಾಂಕ್ರೀಟಿನ ಕಂಬ, ತೊಲೆಗಳು ಬರುತ್ತವೆ, ಹಣವೂ ಅದರ ಹಿಂದೆ ಹೋಗುತ್ತದೆ. ಬೇಕರ್ ಗೋಡೆಯನ್ನು ಎರಡು ಮಾಡಿದರು. ನಡುವೆ ಅಗಲವಾಗಿ ಜಾಗ ಬಿಟ್ಟು ತೆಳ್ಳಗಿನ ಎರಡು ಗೋಡೆಗಳು, ಒಂದನ್ನೊಂದು ಹಿಡಿದುಕೊಳ್ಳಲು ಅಡ್ಡ ಇಟ್ಟಿಗೆಗಳು. ಏಣಿಯ ಎರಡು ಕಾಲುಗಳನ್ನು ಮೆಟ್ಟಿಲುಗಳು ಹಿಡಿದ ಹಾಗೆ. ಒಂದೊಂದೇ ಕಾಲು ಅಲುಗಾಡುತ್ತದೆ; ಏಣಿ ಗಟ್ಟಿ.

ಆ ಎರಡೂ ಗೋಡೆಗಳಿಗೆ ನೆಲದಿಂದ ಮಾಡಿನವರೆಗೆ ಜಾಲಿ, ಅಂದರೆ ಇಟ್ಟಿಗೆ ಬಿಟ್ಟು ಬಿಟ್ಟು ಕಟ್ಟಿದ ತೂತುಗಳು. ಕಿಟಕಿಯೇ ಇಲ್ಲ. ಕಿಟಕಿ ಎಂದರೆ ಮರದ ಚೌಕಟ್ಟು, ಬಾಗಿಲು, ಸರಳು, ಗಾಜು, ಕೀಲು, ಬಣ್ಣ. ಅಷ್ಟೇ ಜಾಗದ ಇಟ್ಟಿಗೆ ಗೋಡೆಗೆ ಬೀಳುವುದಕ್ಕಿಂತ ಹಲವು ಪಟ್ಟು ಖರ್ಚು. ಜಾಲಿಗೆ ಅದೊಂದೂ ಬೇಡ, ಇಟ್ಟಿಗೆಯೂ ಕಡಿಮೆ. ಬೆಳಕು ಸಣ್ಣ ಸಣ್ಣ ತುಂಡಾಗಿ ಒಳಗೆ ಬರುವುದರಿಂದ ಕಣ್ಣು ಕುಕ್ಕುವುದಿಲ್ಲ. ಗಾಳಿ ನಿಲ್ಲುವುದಿಲ್ಲ. ನಾವು ಹೆಚ್ಚು ಬೆರಗಾದದ್ದು ಧ್ವನಿಗೆ. ನಮ್ಮ ಸಿಮೆಂಟು ಸಾರಿಸಿದ ಹಾಲ್‌ಗಳಲ್ಲಿ ಒಂದು ಮಾತು ಎದುರಿನ ಗೋಡೆಗೆ ಬಡಿದು ಇನ್ನೊಂದು ಮಾತಿನ ಮೇಲೆ ಬೀಳುತ್ತದೆ. ವಾರ್ಷಿಕ ಸಭೆಯ ವರದಿ ಯಾರಿಗೂ ಅರ್ಥವಾಗದಿರುವುದಕ್ಕೆ ಅದೂ ಒಂದು ಕಾರಣ. ಇಲ್ಲಿ ತೂತುಗಳ ಗೋಡೆ ಧ್ವನಿಯನ್ನು ಚೂರು ಮಾಡುತ್ತದೆ, ಒಂದಿಷ್ಟನ್ನು ಹೊರಗೆ ಬಿಡುತ್ತದೆ.

ಮಾಡು ಹೊರುವುದು, ಬೆಳಕು ಕೊಡುವುದು, ಗಾಳಿ ಆಡಿಸುವುದು, ಧ್ವನಿ ತಿದ್ದುವುದು. ಒಂದೇ ಗೋಡೆಗೆ ನಾಲ್ಕು ಕೆಲಸ. ವಾಸ್ತುಶಿಲ್ಪಿಯ ಕಲ್ಪನೆ ಬೇರೆ, ಮಿತವ್ಯಯ ಬೇರೆ ಎಂದುಕೊಂಡು ನಾವು ಹೊರಟಿದ್ದೆವು. ಕಲ್ಪನೆ ಎಂದರೆ ಅಲಂಕಾರ, ಮಿತವ್ಯಯ ಎಂದರೆ ಅಲಂಕಾರ ಕಿತ್ತುಹಾಕುವುದು ಎಂದು. ಈ ಗೋಡೆಯ ಎದುರು ಅವೆರಡನ್ನು ಬೇರೆ ಮಾಡಿ ತೋರಿಸಲು ಯಾರಿಗೂ ಆಗದು. ಖರ್ಚು ಉಳಿಸಿದ ತೂತೇ ಅಲಂಕಾರವೂ ಆಗಿದೆ.

ನಮ್ಮ ಮೇಸ್ತ್ರಿ ಇದ್ಯಾವುದಕ್ಕೂ ಮಾತಾಡಲಿಲ್ಲ. ಅಂಗೈಯಿಂದ ಇಟ್ಟಿಗೆಯ ಸಂದು ಸವರುತ್ತಾ ನಿಂತಿದ್ದರು. “ಹೇಗೆ ಮೇಸ್ತ್ರಿಯವರೇ?” ಎಂದು ಕೇಳಿದಾಗ, “ಫಾದರ್, ಇದರ ಮೇಲೆ ಸಾರಣೆ ಇಲ್ಲ. ತಪ್ಪು ಮಾಡಿದರೆ ಮುಚ್ಚಲಿಕ್ಕೆ ಏನೂ ಇಲ್ಲ. ಕಟ್ಟಿದವನು ದೊಡ್ಡ ಕೆಲಸಗಾರ,” ಎಂದರು. ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಸಾಮಾನಿಗೆ ಹೋಗುವ ಹಣ ಉಳಿಸಿ ಅದನ್ನು ಕೆಲಸಗಾರನ ಕೈಗೆ ಕೊಡುವುದು ಬೇಕರರ ರೀತಿ. ಸಿಮೆಂಟು, ಕಬ್ಬಿಣದ ಹಣ ದೂರದ ಕಾರ್ಖಾನೆಗೆ ಹೋಗುತ್ತದೆ. ಕೂಲಿ ಊರಿನಲ್ಲೇ ಉಳಿಯುತ್ತದೆ. ಅವರು ಕೋಣೆಯಲ್ಲಿ ಕುಳಿತು ನಕ್ಷೆ ಕಳಿಸುವವರಾಗಿರಲಿಲ್ಲ. ಬಳಸಿದ ಲಕೋಟೆಯ, ಹಳೆಯ ಆಮಂತ್ರಣ ಪತ್ರದ ಹಿಂಬದಿಯಲ್ಲಿ ಚಿತ್ರ ಬರೆಯುತ್ತಾ, ಗೋಡೆ ಏಳುವ ಜಾಗದಲ್ಲಿ ಮೇಸ್ತ್ರಿಗಳ ಜೊತೆ ನಿಂತು ತಿದ್ದುತ್ತಾ ಕಟ್ಟಿಸಿದವರು.

ಮಧ್ಯಾಹ್ನ ಉಳ್ಳೂರಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ನೋಡಿದೆವು. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರು ಮುಖ್ಯಮಂತ್ರಿ ಸಿ. ಅಚ್ಯುತ ಮೆನನ್ ಅವರ ಬೆಂಬಲದಿಂದ 1970ರ ದಶಕದ ಆರಂಭದಲ್ಲಿ ಕಟ್ಟಿದ ಸಂಸ್ಥೆ. ಹತ್ತು ಎಕರೆ ಗುಡ್ಡ. ಜೆಸಿಬಿ ತಂದು ಗುಡ್ಡ ಸಮತಟ್ಟು ಮಾಡುವ ನಮ್ಮ ಕಾಲದವರಿಗೆ ಅಲ್ಲಿ ನಡೆದಾಡುವುದೇ ಒಂದು ಪಾಠ. ಇಳಿಜಾರು ಹೇಗಿದೆಯೋ ಕಟ್ಟಡಗಳು ಹಾಗೆ ಇಳಿದಿವೆ. ಮರ ಇದ್ದಲ್ಲಿ ಗೋಡೆ ಬಳುಕಿ ಪಕ್ಕಕ್ಕೆ ಸರಿದಿದೆ. ಬಳುಕುವ ಗೋಡೆ ಸುಮ್ಮನೆ ಚಂದಕ್ಕೆಂದು ನಾವು ತಿಳಿದಿದ್ದೆವು. ನಮ್ಮ ಇಂಜಿನಿಯರ್ ಹುಡುಗಿ ಟೀಚರಮ್ಮನ ನೋಟ್ ಪುಸ್ತಕ ತೆಗೆದುಕೊಂಡು ಲೆಕ್ಕ ಬಿಡಿಸಿದಳು. ನೂರು ಚದರ ಮೀಟರು ನೆಲ ಬೇಕೆನ್ನಿ. ಐದು ಮೀಟರು ಅಗಲ, ಇಪ್ಪತ್ತು ಮೀಟರು ಉದ್ದದ ಕೋಣೆಯಾದರೆ 50 ಮೀಟರು ಗೋಡೆ ಬೇಕು. ಚೌಕವಾದರೆ 40. ದುಂಡಗೆ ಕಟ್ಟಿದರೆ ಮೂವತ್ತೈದೂವರೆ ಸಾಕು. “ನಾನು ಮೂವತ್ತು ವರ್ಷ ಇದೇ ಲೆಕ್ಕ ಕಲಿಸಿದೆ ಮಾರಾಯ್ತಿ, ಇದರಲ್ಲಿ ದುಡ್ಡುಂಟೆಂದು ಗೊತ್ತಿರಲಿಲ್ಲ,” ಎಂದು ಟೀಚರಮ್ಮ ನಕ್ಕರು. ನೇರ ಗೋಡೆಗಿಂತ ಬಳುಕಿದ, ಮಡಿಚಿದ ಗೋಡೆ ತೆಳ್ಳಗಿದ್ದರೂ ಗಟ್ಟಿಯಾಗಿ ನಿಲ್ಲುತ್ತದೆ. ಕಾಗದದ ಹಾಳೆಯನ್ನು ಮಡಿಚಿ ಮೇಜಿನ ಮೇಲೆ ನಿಲ್ಲಿಸಿ ನೋಡಿದರೆ ಮಕ್ಕಳಿಗೂ ತಿಳಿದೀತು.

ಬೇಕರರ ಇನ್ನೆರಡು ಉಪಾಯಗಳನ್ನು ಇಲ್ಲಿ ಹೇಳಲೇಬೇಕು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಒಂಬತ್ತು ಇಂಚಿನ ಗೋಡೆ ಕಟ್ಟುವುದು ಒಂದು. ಇದಕ್ಕೆ ಇಲಿಬೋನಿನ ಕಟ್ಟು ಎನ್ನುತ್ತಾರೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಒಳಗಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಇನ್ನೊಂದು ಕೇಳಿದಾಗ ನಮಗೆ ಸ್ವಲ್ಪ ಹೆಮ್ಮೆಯೇ ಆಯಿತು. ಕಾಂಕ್ರೀಟಿನ ತಾರಸಿಯ ಮೇಲೆ ಭಾರ ಬಿದ್ದಾಗ ಅದರ ಮೇಲುಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ದಪ್ಪ ಸ್ಪಂಜನ್ನು ಬಾಗಿಸಿದರೆ ಇದು ಕಣ್ಣಿಗೆ ಕಾಣುತ್ತದೆ. ಒತ್ತಡ ತಡೆಯಲು ಕಾಂಕ್ರೀಟು ಬೇಕು. ಎಳೆತ ತಡೆಯುವುದು ಕಬ್ಬಿಣ. ಹಾಗಾದರೆ ಕೆಳಭಾಗದಲ್ಲಿ ಕಬ್ಬಿಣದ ನಡುವೆ ತುಂಬಿದ ಕಾಂಕ್ರೀಟು ಹೆಚ್ಚಿನ ಕೆಲಸ ಮಾಡದೆ ಭಾರ ಮಾತ್ರ ಆಗುತ್ತದೆ. ಆ ಜಾಗಕ್ಕೆ ಬೇಕರ್ ಇಟ್ಟದ್ದು ಮಂಗಳೂರು ಹಂಚು! ಹೌದು, ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದು ಮಾಡಲಾರಂಭಿಸಿದ, ನಮ್ಮ ಅಜ್ಜಂದಿರು ಹೊದಿಸಿದ ಅದೇ ಹಂಚು. ಮಾಡಿನಿಂದ ಇಳಿಸಿದ ಹಳೆಯ ಹಂಚೂ ಇದಕ್ಕೆ ಆಗುತ್ತದೆ. ಕಾಂಕ್ರೀಟು ಕಡಿಮೆ, ತಾರಸಿ ಹಗುರ, ಹಗುರವಾದ್ದರಿಂದ ಕಬ್ಬಿಣವೂ ಕಡಿಮೆ, ಎರಡು ಹಂಚಿನ ನಡುವಿನ ಗಾಳಿಯಿಂದ ತಂಪು.

ಇಷ್ಟೆಲ್ಲ ಹೇಳಿದ ಮೇಲೆ ತಿರುವನಂತಪುರವನ್ನು ಹಾಗೆಯೇ ಎತ್ತಿ ತಂದು ನಮ್ಮ ಅಂಗಳದಲ್ಲಿ ಇಡೋಣವೇ? ಬೇಡ ಎಂಬುದು ನಮ್ಮ ಅಭಿಪ್ರಾಯ. ರಾತ್ರಿ ರೈಲಿನಲ್ಲಿ ಈ ಬಗ್ಗೆ ಜೋರು ಚರ್ಚೆಯೇ ನಡೆಯಿತು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ತಿರುವನಂತಪುರದ ಮಳೆ ಅದಕ್ಕಿಂತ ಬಹಳ ಕಡಿಮೆ. ಅಲ್ಲಿಯ ಜಾಲಿಯನ್ನು ಇಲ್ಲಿ ಹಾಗೇ ಕಟ್ಟಿದರೆ ಜೂನ್ ತಿಂಗಳಲ್ಲಿ ಮದುವೆ ಊಟದ ಎಲೆಗೆ ಗಾಳಿಮಳೆಯ ಎರಚಲು ಬಡಿಸಿದಂತಾದೀತು. ಸೊಳ್ಳೆಯ ಮಾತು ಬೇರೆ ಇದೆ. ಜಾಲಿ ಬೇಕಾದರೆ ಅದರ ಮುಂದೆ ಆಳವಾದ ಇಳಿಮಾಡು ಬೇಕು. ಇಟ್ಟಿಗೆಯೂ ನಮ್ಮದಲ್ಲ. ಲಾರಿಯಲ್ಲಿ ದೂರದಿಂದ ಇಟ್ಟಿಗೆ ತರಿಸಿ ‘ಬೇಕರ್ ಶೈಲಿ’ ಎಂದು ಫಲಕ ಹಾಕಿದರೆ, ಐದು ಮೈಲಿಯ ಮಾತನ್ನು ನಂಬಿದ ಆ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ನಮ್ಮ ಐದು ಮೈಲಿಯೊಳಗೆ ಇರುವುದು ಮುರಕಲ್ಲು. ನೆಲದೊಳಗೆ ಇರುವಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಒಲೆ ಬೇಡ, ಕಟ್ಟಿಗೆ ಬೇಡ. ನಮ್ಮ ಕೇರಳದ ಅಂಗಾಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಸೆಮಿನರಿಯಲ್ಲಿ ಲತೀನ್ ಕಲಿತವರಿಗೆ ಆ ಹೆಸರಿನ ಗುಟ್ಟು ಗೊತ್ತು: ‘ಲಾಟೆರ್’ ಎಂದರೆ ಇಟ್ಟಿಗೆ. ದೇವರೇ ಸುಟ್ಟುಕೊಟ್ಟ ಇಟ್ಟಿಗೆ ಎನ್ನೋಣ. ಕೆಳದಿಯ ನಾಯಕರು 17ನೆಯ ಶತಮಾನದಲ್ಲಿ ಬೇಕಲದ ಕೋಟೆಗೆ ಬಳಸಿದ್ದೂ ಇದನ್ನೇ. ಅದರ ಮೇಲೆ ಸಿಮೆಂಟು ಸಾರಿಸಿ, ಪೇಂಟು ಬಳಿದು, ಮತ್ತೆ ಮುರಕಲ್ಲಿನ ಚಿತ್ರವಿರುವ ಟೈಲ್ಸ್ ಅಂಟಿಸುವ ಮನೆಗಳನ್ನೂ ನಾವು ಆಶೀರ್ವದಿಸಿದ್ದೇವೆ!

ಮರಳಿ ಬಂದ ಮೇಲೆ ನಮ್ಮ ಹಳೆಯ ಹಾಲನ್ನು ನೋಡುವ ಕಣ್ಣು ಬೇರೆಯಾಯಿತು. ಅದರ ಪಶ್ಚಿಮಕ್ಕೆ ಉದ್ದನೆಯ ಜಗಲಿಯಿದೆ. ಹೊಸ ನಕ್ಷೆಯಲ್ಲಿ ಮೊದಲು ಹೋಗುವುದು ಅದೇ. ಆ ಜಾಗಕ್ಕೇ ಗಾಜಿನ ಮುಂಭಾಗ ಬರಬೇಕು. ಒಂದು ಭಾನುವಾರ ಪೂಜೆಯ ನಂತರ, ಮತ್ತೆ ಮಧ್ಯಾಹ್ನ ಮೂರು ಗಂಟೆಗೆ, ನಾವು ಅಲ್ಲಿ ನಿಂತು ನೋಡಿದೆವು. ಸಂಜೆಯ ಬಿಸಿಲು ಜಗಲಿಯಲ್ಲೇ ನಿಂತಿತು, ಗೋಡೆಯನ್ನು ಮುಟ್ಟಲಿಲ್ಲ. ಮಳೆಗಾಲದ ಎರಚಲೂ ಅಷ್ಟಕ್ಕೇ ನಿಲ್ಲುತ್ತದೆ. ಪೂಜೆ ಮುಗಿಸಿ ಬಂದವರು ಮಾತಾಡುತ್ತಾ ನಿಲ್ಲುವುದು ಅಲ್ಲಿ. ಧರ್ಮೋಪದೇಶದ ಸಣ್ಣ ಮಕ್ಕಳ ತರಗತಿ ನಡೆಯುವುದು ಅಲ್ಲಿ. ಹಬ್ಬದ ದಿನ ಊಟ ಬಡಿಸುವುದೂ ಅಲ್ಲಿಯೇ. ಯಾವ ವಾಸ್ತುಶಿಲ್ಪಿಯ ಹೆಸರೂ ಆ ಕಟ್ಟಡದ ಮೇಲಿಲ್ಲ. ಕಟ್ಟಿದವರು ಈ ಊರಿನ ಬಿಸಿಲು, ಮಳೆ, ಜನ ಮೂವರನ್ನೂ ಬಲ್ಲವರು. ಪಶ್ಚಿಮಕ್ಕೆ ಗಾಜು ಇಟ್ಟು, ಅದರಿಂದ ಒಳಬರುವ ಸೆಕೆಯನ್ನು ಏಸಿಯಿಂದ ಹೊರಹಾಕಿ, ಅದರ ಕರೆಂಟು ಬಿಲ್ಲನ್ನು ತಿಂಗಳು ತಿಂಗಳು ಕಟ್ಟುವ ಯೋಜನೆ ಆ ಜಗಲಿಯಲ್ಲಿ ನಿಂತವರಿಗೆ ವಿಚಿತ್ರವಾಗಿ ಕಂಡಿತು.

ಎಲ್ಲರೂ ಒಪ್ಪಿಲ್ಲ. “ನೆರೆಯ ಊರಿನವರೆಲ್ಲ ದೊಡ್ಡದು ಕಟ್ಟುವಾಗ ನಾವು ಮಾತ್ರ ಹಳೆಯದನ್ನೇ ಇಟ್ಟುಕೊಳ್ಳುವುದಾ ಫಾದರ್?” ಎಂದು ಕೇಳುವ ಯುವಕರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಲ್ ಈಗ ಸಾಲುತ್ತಿಲ್ಲ ಎಂಬುದು ನಿಜ, ಮದುವೆಗಳು ಹೊರಗಿನ ಹಾಲ್‌ಗಳಿಗೆ ಹೋಗುತ್ತಿರುವುದೂ ನಿಜ. ಬಡವರ ಕಟ್ಟಡ ಬಡಕಲಾಗಿಯೇ ಇರಬೇಕೆಂದು ನಾವು ಹೇಳುತ್ತಿಲ್ಲ. ಲೊಯೋಲದ ಆ ಪ್ರಾರ್ಥನಾಲಯ ನೋಡಿದವರು ಯಾರೂ ಅದನ್ನು ಬಡಕಲು ಎನ್ನಲಾರರು.

ಹುಡುಗಿ ಈಗ ಎರಡನೆಯ ನಕ್ಷೆ ಬರೆಯುತ್ತಿದ್ದಾಳೆ. ಹಳೆಯ ಹಾಲ್, ಜಗಲಿ ಉಳಿಯುತ್ತವೆ. ಪೂರ್ವದ ಗೋಡೆ ತೆರೆದು ಆ ಕಡೆಗೆ ಮುರಕಲ್ಲಿನಲ್ಲೇ ಹಾಲ್ ಬೆಳೆಯುತ್ತದೆ. ಹಲಸಿನ ಮರ ಇದ್ದಲ್ಲಿ ಗೋಡೆ ಸ್ವಲ್ಪ ಬಳುಕುತ್ತದೆ. ಹೊಸ ಭಾಗದ ತಾರಸಿಗೆ ಹಂಚು ಬೇಕು. ಹಳೆಯ ಅಡುಗೆಕೊಟ್ಟಿಗೆಯ ಮಾಡು ಇಳಿಸಿದರೆ ಎಷ್ಟು ಸಿಗುತ್ತದೆ, ಎಷ್ಟು ಒಡೆದಿದೆ ಎಂದು ತಿಳಿದ ಮೇಲೆ ಮೇಸ್ತ್ರಿ ಲೆಕ್ಕ ಕೊಡುತ್ತಾರೆ. ಎರಡೂ ನಕ್ಷೆಗಳನ್ನು, ಎರಡೂ ಅಂದಾಜುಪಟ್ಟಿಗಳನ್ನು ಹಾಲ್‌ನ ಜಗಲಿಯಲ್ಲೇ ತೂಗುಹಾಕುತ್ತೇವೆ. ಪ್ರತಿ ಕುಟುಂಬದವರೂ ನೋಡಿ, ಸಾಮಾನ್ಯ ಸಭೆಗೆ ಬಂದು ಅಭಿಪ್ರಾಯ ಹೇಳಬೇಕು. ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಹಂಚು ಎಣಿಸುವ ಕೆಲಸವಿದೆ. ಯುವಕರು ಏಣಿ ತರುತ್ತಾರೆ, ಟೀಚರಮ್ಮ ಲೆಕ್ಕ ಬರೆಯುತ್ತಾರೆ.